ಸೊನ್ನೆ ಡಿಗ್ರಿಯ ಆಚೆ ಈಚೆ

ಗೇಟಿನ ಹತ್ತಿರ ಬರುವ ಮೊದಲೇ ದೂರದಿಂದ ಕಾಣುವುದು ಕಬ್ಬಿಣದ ಗೋಪುರದ ಮೇಲೆ ಕೂತಿರುವ ದೊಡ್ಡ ಬಿಳಿ ಗೋಳ. ಅದರೊಳಗೆ ರೇಡಾರ್ ಹಗಲು ರಾತ್ರಿ ಸುತ್ತುತ್ತಿರುತ್ತದೆ. ಅದರ ಬುಡದಲ್ಲಿರುವ ಕಟ್ಟಡ ಮಾತ್ರ ತೀರಾ ಸಾಧಾರಣ: ಒಂದೇ ಅಂತಸ್ತು, ಚಿಕ್ಕ ಕಿಟಕಿಗಳು, ಎದುರಿಗೆ ಒಂದಷ್ಟು ಕಾರು ನಿಲ್ಲುವ ಜಾಗ. ಅಮೆರಿಕದ ಈಶಾನ್ಯ ಭಾಗದಲ್ಲಿ, ಅಟ್ಲಾಂಟಿಕ್ ಕರಾವಳಿಯಿಂದ ಬಹಳ ದೂರವಿಲ್ಲದ ಒಂದು ಹವಾಮಾನ ಮುನ್ಸೂಚನೆ ಕಚೇರಿ ಇದು. ಅಂದು ಸಾರ್ವಜನಿಕರನ್ನು ಒಳಗೆ ಬಿಡುವ ದಿನ. ಏಪ್ರಿಲ್ ಶುರುವಾಗಿತ್ತು, ಆಕಾಶದಲ್ಲಿ ಒಂದು ತುಣುಕು ಮೋಡವಿರಲಿಲ್ಲ. ಹೀಗೆ ಬಿಡುವಾಗಿದ್ದಾಗ ಮಾತ್ರ ಇಲ್ಲಿಯವರಿಗೆ ಅತಿಥಿಗಳ ಜೊತೆ ಮಾತಾಡಲು ಪುರುಸೊತ್ತು.

ಈ ಕಡೆಯ ಕನ್ನಡಿಗರು ಯುಗಾದಿಗೆ ಪಂಚಾಂಗದ ಜೊತೆ ಹವಾಮಾನವನ್ನೂ ನೋಡಬೇಕು. ಹಬ್ಬ ಬರುವುದು ಮಾರ್ಚ್ ಕೊನೆಗೋ ಏಪ್ರಿಲ್ ಮೊದಲಿಗೋ. ಹೋಯಿತು ಅಂದುಕೊಂಡ ಹಿಮ ಇನ್ನೊಮ್ಮೆ ಬಂದುಹೋಗುವುದೂ ಅದೇ ಹೊತ್ತಿಗೆ. ಶಾಲೆಯ ಸಭಾಂಗಣ ಬಾಡಿಗೆಗೆ ಹಿಡಿದು, ಹೋಳಿಗೆ ಊಟಕ್ಕೆ ಹೇಳಿ, ಮಕ್ಕಳಿಗೆ ನಾಟಕ ಕಲಿಸಿ ಎಲ್ಲ ಮುಗಿದ ಮೇಲೆ ವಾಟ್ಸಾಪಿನಲ್ಲಿ ಒಂದು ಬಣ್ಣದ ನಕ್ಷೆ ಹರಿದಾಡಲು ಶುರುವಾಗುತ್ತದೆ. ಶನಿವಾರ ಹದಿನೆಂಟು ಇಂಚು ಸ್ನೋ! ಮಾರನೆಯ ದಿನ ಅದೇ ನಕ್ಷೆ ನಾಲ್ಕು ಇಂಚು ಎನ್ನುತ್ತದೆ. ಈ ಅಂಕಿ ಎಲ್ಲಿ ಹುಟ್ಟುತ್ತದೆ, ಯಾಕೆ ಹೀಗೆ ಕುಣಿಯುತ್ತದೆ ಎಂದು ನೋಡುವ ಕುತೂಹಲದಿಂದ ನಾನು ಬಂದಿದ್ದೆ. ಜೊತೆಗೆ ಸಕಲೇಶಪುರದ ಕಡೆಯ ಕಾಫಿ ಬೆಳೆಗಾರರೊಬ್ಬರಿದ್ದರು, ಮಗಳ ಮನೆಗೆ ಬಂದವರು. ಯಜಮಾನರು ಅಂತಲೇ ಅವರನ್ನು ಕರೆಯುತ್ತೇನೆ. ದಪ್ಪ ಜಾಕೆಟ್ಟಿನೊಳಗೆ ಮುದುರಿಕೊಂಡಿದ್ದರೂ ಕಣ್ಣು ಮಾತ್ರ ಎಲ್ಲ ಕಡೆ ಓಡಾಡುತ್ತಿತ್ತು.

ಸುತ್ತು ಶುರುವಾದದ್ದು ಹೊರಗಡೆ, ಕಟ್ಟಡದ ಹಿಂದಿನ ಹುಲ್ಲಿನ ಮೇಲೆ. ನಮಗೆ ತೋರಿಸಲು ಬಂದ ತಜ್ಞೆ ಮೊದಲು ನಿಂತದ್ದು ನೆಲಕ್ಕೆ ಹಾಸಿದ್ದ ಒಂದು ಹಲಗೆಯ ಮುಂದೆ. ಬಿಳಿ ಬಣ್ಣ ಬಳಿದ ಪ್ಲೈವುಡ್, 16 ಇಂಚು ಅಗಲ, 24 ಇಂಚು ಉದ್ದ. ಒಂದು ಮೂಲೆಯಲ್ಲಿ ಬಣ್ಣ ಎದ್ದು ಕೆಳಗಿನ ಮರದ ಪದರ ಕಾಣುತ್ತಿತ್ತು. ಪಕ್ಕದಲ್ಲಿ ಬಾವುಟ ಸಿಕ್ಕಿಸಿದ ಒಂದು ಕಡ್ಡಿ, ಹಿಮ ಮುಚ್ಚಿಕೊಂಡ ಮೇಲೆ ಹಲಗೆ ಎಲ್ಲಿದೆ ಎಂದು ಗುರುತು ಹಿಡಿಯಲು. ಊರೆಲ್ಲ ಮಾತಾಡುವ 'ಇಷ್ಟು ಇಂಚು ಬಿತ್ತು' ಎಂಬ ಲೆಕ್ಕ ಹುಟ್ಟುವುದು ಇಂಥ ಹಲಗೆಯ ಮೇಲೆ ಒಬ್ಬರು ಸ್ಕೇಲು ನಿಲ್ಲಿಸಿ ಬಗ್ಗಿ ನೋಡಿದಾಗ. ಇದಕ್ಕಿಂತ ದೊಡ್ಡ ಯಂತ್ರವೇನೋ ಇರಬೇಕೆಂದು ನಾನು ಅಂದುಕೊಂಡಿದ್ದೆ.

ಬಿದ್ದ ಹಿಮವನ್ನು ಇಂಚಿನ ಹತ್ತನೇ ಒಂದು ಭಾಗದವರೆಗೆ ಅಳೆಯುತ್ತಾರೆ. ಅಳೆದ ಮೇಲೆ ಹಲಗೆ ಒರೆಸಿ ಮತ್ತೆ ಇಡಬಹುದು, ಆದರೆ ಆರು ಗಂಟೆಗೆ ಒಂದು ಸಲಕ್ಕಿಂತ ಹೆಚ್ಚು ಒರೆಸುವಂತಿಲ್ಲ. ಯಾಕೆ ಎಂದು ಕೇಳಿದೆ. ಬಿದ್ದ ಹಿಮ ಬಿದ್ದಂತೆ ನಿಲ್ಲುವುದಿಲ್ಲ, ಮೇಲಿನ ಭಾರಕ್ಕೆ ಕೆಳಗಿನದು ಅಮುಕಿಕೊಳ್ಳುತ್ತ ಹೋಗುತ್ತದೆ. ಗಂಟೆಗೊಮ್ಮೆ ಅಳೆದು, ಒರೆಸಿ, ಕೂಡಿಸುತ್ತ ಹೋದರೆ ಮೊತ್ತ ಉಬ್ಬುತ್ತದೆ. ಇಡೀ ದಿನ ಬಿಟ್ಟು ಒಂದೇ ಸಲ ಅಳೆದರೆ ಕುಗ್ಗುತ್ತದೆ. ಅದೇ ಹಿಮ, ಅಳೆಯುವ ಕ್ರಮಕ್ಕೆ ತಕ್ಕಂತೆ ಬೇರೆ ಬೇರೆ ಉತ್ತರ. ಮಾರ್ಚ್ ಕೊನೆಯ ಹಿಮದ ಪಾಡು ಇನ್ನೂ ಕಷ್ಟ, ಮೇಲಿಂದ ಬೀಳುತ್ತಿರುವಾಗಲೇ ಅಡಿಯಿಂದ ಕರಗುತ್ತಿರುತ್ತದೆ. ಅಂದರೆ ಮುನ್ಸೂಚನೆಯ ತಂಟೆಗೆ ಹೋಗುವ ಮೊದಲೇ, ಕಣ್ಣೆದುರು ಬಿದ್ದಿರುವ ಹಿಮದ ಲೆಕ್ಕದಲ್ಲೂ ಒಂದು ಸಡಿಲವಿದೆ. ಇದನ್ನು ನಾನು ಮನಸ್ಸಿನಲ್ಲಿ ಇಟ್ಟುಕೊಂಡೇ ಮುಂದಕ್ಕೆ ಹೆಜ್ಜೆ ಹಾಕಿದೆ.

ಹಲಗೆಯಿಂದ ನಾಲ್ಕು ಹೆಜ್ಜೆ ಆಚೆ, 8 ಇಂಚು ಬಾಯಿಯ ಲೋಹದ ಮಳೆಮಾಪಕ. ಯಜಮಾನರ ಮುಖ ಅರಳಿತು.

"ಇದು ನಮ್ಮ ತೋಟದಲ್ಲೂ ಐತೆ ಸಾರ್. ದಿನಾ ಬೆಳಗ್ಗೆ ನಾನೇ ನೋಡಿ ಬರ್ಕೋತೀನಿ. ನಮ್ಮಪ್ಪ ಬರೆದಿಟ್ಟ ಪುಸ್ತಕಾನೂ ಹಾಗೇ ಇಟ್ಟಿದೀನಿ."

ಮಲೆನಾಡು, ಕೊಡಗಿನ ತೋಟಗಳಲ್ಲಿ ಮಳೆಯ ಲೆಕ್ಕ ಇವತ್ತಿಗೂ ಇಂಚು, ಸೆಂಟಿನಲ್ಲೇ ನಡೆಯುತ್ತದೆ. ಇಂಚಿನ ನೂರನೇ ಒಂದು ಭಾಗ ಒಂದು ಸೆಂಟು. ಇಲ್ಲಿಯ ಮಾಪಕವೂ ಅಷ್ಟೇ ಸೂಕ್ಷ್ಮವಾಗಿ ಓದುತ್ತದೆ. ಚಳಿಗಾಲದಲ್ಲಿ ಮಾತ್ರ ಮೇಲಿನ ಲಾಳಿಕೆಯನ್ನೂ ಒಳಗಿನ ಕೊಳವೆಯನ್ನೂ ತೆಗೆದಿಡುತ್ತಾರೆ, ಹಿಮ ನೇರವಾಗಿ ದೊಡ್ಡ ಡಬ್ಬಿಗೇ ಬೀಳಲಿ ಎಂದು. ಆಮೇಲೆ ಅದನ್ನು ಒಳಗೆ ಒಯ್ದು, ಅಳೆದ ಬಿಸಿನೀರು ಸುರಿದು ಕರಗಿಸಿ, ಸುರಿದದ್ದನ್ನು ಕಳೆದು, ಉಳಿದ ನೀರು ಎಷ್ಟು ಎಂದು ಬರೆದುಕೊಳ್ಳುತ್ತಾರೆ. ಈ ಉಪಾಯ ಯಜಮಾನರಿಗೆ ಬಹಳ ಹಿಡಿಸಿತು.

ಇಲ್ಲೇ ಮೊದಲ ಗೋಜಲು. ಒಂದು ಇಂಚು ನೀರಿಗೆ ಹತ್ತು ಇಂಚು ಹಿಮ ಎಂಬುದು ಹಳೆಯ ಬಾಯಿಲೆಕ್ಕ, ಫೋನಿನಲ್ಲಿ ಓಡಾಡುವ ಬಹಳಷ್ಟು ನಕ್ಷೆಗಳು ಇವತ್ತಿಗೂ ಅದನ್ನೇ ಹಿಡಿದು ಬಣ್ಣ ಬಳಿಯುತ್ತವೆ. ಆದರೆ ಹಿಮ ಎಲ್ಲ ಒಂದೇ ಥರ ಇರುವುದಿಲ್ಲ. ಒಂದು ಸೇರು ಮಂಡಕ್ಕಿಗೂ ಒಂದು ಸೇರು ಗಟ್ಟಿ ಅವಲಕ್ಕಿಗೂ ತೂಕದಲ್ಲಿ ಎಷ್ಟು ಅಂತರವೋ, ಜನವರಿಯ ಒಣ ಹಿಮಕ್ಕೂ ಮಾರ್ಚಿನ ಒದ್ದೆ ಹಿಮಕ್ಕೂ ಅಂಥದೇ ಅಂತರ. ಒಣ ಹಿಮ 15 ಇಂಚು, ಕೆಲವೊಮ್ಮೆ 20 ಇಂಚು ಸೇರಿದರೆ ಒಂದು ಇಂಚು ನೀರು. ಒದ್ದೆ ಹಿಮ ಐದಾರು ಇಂಚಿಗೇ ಅಷ್ಟು ನೀರು ಕೊಡುತ್ತದೆ. ಮೋಡದಿಂದ ಎಷ್ಟು ನೀರು ಇಳಿಯುತ್ತದೆ ಎಂದು ಕರಾರುವಾಕ್ಕಾಗಿ ಗೊತ್ತಾದರೂ ನೆಲದ ಮೇಲಿನ ಆಳ ಮೂರು ಪಟ್ಟು ಹೆಚ್ಚು ಕಡಿಮೆಯಾಗಬಹುದು. ಹಾಗೆಂದು ಒದ್ದೆ ಹಿಮ ಆಳ ಕಡಿಮೆ, ಕಾಟ ಕಡಿಮೆ ಎಂದುಕೊಳ್ಳುವಂತಿಲ್ಲ. ಕೊಂಬೆಗೆ ಅಂಟುತ್ತದೆ, ತಂತಿಗೆ ಜೋತುಬೀಳುತ್ತದೆ, ಕರೆಂಟು ಹೋಗುತ್ತದೆ. ಸಲಿಕೆ ಹಿಡಿದು ಬಾಗಿಲ ಮುಂದೆ ತೆಗೆಯಲು ಹೋದವರಿಗೆ ಅದರ ಭಾರ ಗೊತ್ತು.

ಅಲ್ಲಿಂದ ಒಂದು ಎತ್ತರದ ಬಾಗಿಲಿನ ಶೆಡ್ಡಿಗೆ ಹೋದೆವು. ಬಲೂನು ಹಾರಿಸುವ ಜಾಗ. ನಾವು ಹೋದದ್ದು ಮಧ್ಯಾಹ್ನ, ಹಾರಿಸುವುದು ಬೆಳಗ್ಗೆ ಏಳಕ್ಕೆ ಮತ್ತು ಸಂಜೆ ಏಳಕ್ಕೆ. ಹಾಗಾಗಿ ಬಲೂನು ಮೇಜಿನ ಮೇಲೆ ಗಾಳಿಯಿಲ್ಲದೆ ಮಡಚಿಕೊಂಡು ಬಿದ್ದಿತ್ತು. ಮುಟ್ಟಿ ನೋಡಿದೆ, ತೆಳು ರಬ್ಬರು, ಬೆರಳಿಗೆ ಪುಡಿ ಹತ್ತಿತು. ಅದಕ್ಕೆ ಕಟ್ಟುವ ಪೆಟ್ಟಿಗೆ ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು, ಒಂದು ಕಡೆಯಿಂದ ತೆಳ್ಳನೆಯ ಪಟ್ಟಿ ಚಾಚಿಕೊಂಡಿದೆ. ಉಷ್ಣಾಂಶ, ತೇವ ಅಳೆಯುವ ಕಡ್ಡಿ ಅದು. ಇದನ್ನು ಕಟ್ಟಿಕೊಂಡ ಬಲೂನು ನಿಮಿಷಕ್ಕೆ ಸುಮಾರು 300 ಮೀಟರ್ ಏರುತ್ತ, ಸುತ್ತಲ ಒತ್ತಡ ಇಳಿದಂತೆ ಊದಿಕೊಳ್ಳುತ್ತ, 30 ಕಿಲೋಮೀಟರಿನ ಆಸುಪಾಸಿನಲ್ಲಿ ಒಡೆಯುತ್ತದೆ. ಪ್ರಪಂಚದ ನೂರಾರು ಕಡೆ ಒಂದೇ ಹೊತ್ತಿಗೆ ಹೀಗೆ ಬಲೂನು ಏರುತ್ತವೆ. ಬೆಂಗಳೂರಿನಿಂದಲೂ ಹಾರಿಸುತ್ತಾರೆ. ಇಲ್ಲಿ ಸಂಜೆ ಏಳಾಗಿದ್ದಾಗ ಅಲ್ಲಿ ನಸುಕಿನ ನಾಲ್ಕೂವರೆ.

ಬಲೂನು ತಂದುಕೊಡುವ ಸುದ್ದಿಯಲ್ಲಿ ಮಾರ್ಚಿನ ಹಿಮಕ್ಕೆ ಬಹಳ ಮುಖ್ಯವಾದದ್ದು ಒಂದೇ. ನೆಲದಿಂದ ಒಂದೆರಡು ಕಿಲೋಮೀಟರ್ ಮೇಲೆ ಸೊನ್ನೆಗಿಂತ ಬೆಚ್ಚಗಿನ ಪದರವೇನಾದರೂ ಇದೆಯೇ? ತಜ್ಞೆ ಗೋಡೆಗೆ ಅಂಟಿಸಿದ ಒಂದು ಗೀಟಿನ ಚಿತ್ರ ತೋರಿಸಿದರು. ಕೆಳಗಿನಿಂದ ಮೇಲಕ್ಕೆ ಏರುವ ಉಷ್ಣಾಂಶದ ಗೆರೆ ಒಂದು ಕಡೆ ಮೂಗಿನಂತೆ ಬಲಕ್ಕೆ ಉಬ್ಬಿ ಸೊನ್ನೆ ದಾಟಿತ್ತು. ಮೇಲೆ ಹಿಮವಾಗಿ ಹೊರಟದ್ದು ಆ ಮೂಗಿನಲ್ಲಿ ಕರಗುತ್ತದೆ. ಅದರ ಕೆಳಗೆ ಮತ್ತೆ ಚಳಿ ಇದ್ದರೆ ನೆಲಕ್ಕೆ ಬರುವಷ್ಟರಲ್ಲಿ ಗಟ್ಟಿಯಾಗಿ ಸಣ್ಣ ಹರಳಾಗುತ್ತದೆ. ಇದಕ್ಕೆ ಇಲ್ಲಿ ಸ್ಲೀಟ್ ಅನ್ನುತ್ತಾರೆ, ಕಿಟಕಿಗೆ ಬಡಿದರೆ ಸಾಸಿವೆ ಎರಚಿದ ಸದ್ದು. ಹಿಮವಾಗಿ ಹತ್ತು ಇಂಚು ನಿಲ್ಲಬೇಕಾದದ್ದು ಸ್ಲೀಟಾದರೆ ಎರಡು ಮೂರು ಇಂಚಿಗೆ ಮುಗಿಯುತ್ತದೆ. ಕೆಳಗೂ ಬೆಚ್ಚಗಿದ್ದರೆ ಬರೀ ಮಳೆ. ಆ ಮೂಗು ಸೊನ್ನೆಯ ಆಚೆಗೋ ಈಚೆಗೋ ಎಂಬುದಕ್ಕೆ ಅರ್ಧ ಡಿಗ್ರಿ, ಒಂದು ಡಿಗ್ರಿ ಸಾಕು. ಬಲೂನುಗಳೋ ನೂರಾರು ಕಿಲೋಮೀಟರ್ ದೂರ ದೂರದ ಊರುಗಳಿಂದ, ದಿನಕ್ಕೆರಡು ಸಲ. ನಡುವಿನದೆಲ್ಲ ಉಪಗ್ರಹ, ವಿಮಾನಗಳು ಕೊಟ್ಟ ಮಾಹಿತಿಯಿಂದ ಕಂಪ್ಯೂಟರ್ ತುಂಬಿಕೊಳ್ಳಬೇಕು.

ರೇಡಾರ್ ಗೋಪುರದ ಬುಡಕ್ಕೂ ಕರೆದೊಯ್ದರು. ಒಳಗೆ ಬಿಡಲಿಲ್ಲ. ಕತ್ತು ಎತ್ತಿ ನೋಡಿದ್ದಷ್ಟೇ ಲಾಭ. ಒಂದು ಮಾತು ಮಾತ್ರ ಕೆಲಸದ್ದು: ಭೂಮಿ ದುಂಡಗಿರುವುದರಿಂದ ಮತ್ತು ಕಿರಣವನ್ನು ಸ್ವಲ್ಪ ಮೇಲಕ್ಕೆ ಬಾಗಿಸಿ ಬಿಡುವುದರಿಂದ, ನೂರು ಕಿಲೋಮೀಟರ್ ಹೋಗುವಷ್ಟರಲ್ಲಿ ಅದು ನೆಲದಿಂದ ಸುಮಾರು ಒಂದೂವರೆ ಕಿಲೋಮೀಟರ್ ಎತ್ತರದಲ್ಲಿರುತ್ತದೆ. ಅಲ್ಲಿ ಹಿಮ ಕಂಡಿತೆಂದರೆ ಕೆಳಗಿನ ಬೀದಿಗೆ ಬಿದ್ದದ್ದು ಹಿಮವೇ ಎನ್ನುವ ಖಾತ್ರಿಯಿಲ್ಲ. 2013ರ ಹೊತ್ತಿಗೆ ಈ ದೇಶದ ರೇಡಾರುಗಳೆಲ್ಲ ಅಡ್ಡಲಾಗಿಯೂ ಲಂಬವಾಗಿಯೂ ಎರಡು ಬಗೆಯ ಅಲೆ ಬಿಡುವಂತಾದವು. ಅದರಿಂದ ಕರಗುತ್ತಿರುವ ಪದರ ಎಲ್ಲಿದೆ ಎಂದು ತೆರೆಯ ಮೇಲೆ ಒಂದು ಪಟ್ಟಿಯಾಗಿ ಕಾಣಿಸುತ್ತದೆ. ಬಿರುಗಾಳಿ ಬಂದ ಮೇಲೆ ಉಪಯೋಗ, ಎರಡು ದಿನ ಮೊದಲಿನ ಅಂದಾಜಿಗೆ ಅಲ್ಲ.

ಕಟ್ಟಡದೊಳಗೆ ಒಂದು ಓಣಿ. ಗೋಡೆಯ ಮೇಲೆ ಹಳೆಯ ಬಿರುಗಾಳಿಗಳ ಪಟಗಳು. ಕಾಲ ತಪ್ಪಿ ಬಂದವೇ ಹೆಚ್ಚು ಹೆಸರು ಮಾಡಿವೆ. 1982ರ ಏಪ್ರಿಲ್ 6ರಂದು ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿ 9.6 ಇಂಚು. 1997ರ ಮಾರ್ಚ್ 31 ಮತ್ತು ಏಪ್ರಿಲ್ 1ರಲ್ಲಿ ಬಾಸ್ಟನ್‌ನಲ್ಲಿ 25.4 ಇಂಚು, ಅದೂ ಅದರ ಹಿಂದಿನ ಭಾನುವಾರ ಈಸ್ಟರ್ ಹಬ್ಬಕ್ಕೆ ಜನ ಬೆಚ್ಚಗಿನ ಬಿಸಿಲಿನಲ್ಲಿ ಓಡಾಡಿದ್ದ ಮೇಲೆ. ಕಾರುಗಳು ಪೂರ್ತಿ ಮುಚ್ಚಿಹೋಗಿ ಆಂಟೆನಾ ಮಾತ್ರ ಹೊರಗೆ ಕಾಣುವ ಪಟವೊಂದಿತ್ತು. ಏಪ್ರಿಲ್ ಒಂದರಂದು ಇಂಥ ಮುನ್ಸೂಚನೆ ಕೊಟ್ಟರೆ ಯಾರು ನಂಬುತ್ತಾರೆ ಎಂದು ಗುಂಪಿನಲ್ಲಿ ಯಾರೋ ನಕ್ಕರು.

ಓಣಿಯ ಕೊನೆಗೆ ಮುಖ್ಯ ಕೋಣೆ. ಕುದುರೆ ಲಾಳದ ಆಕಾರದಲ್ಲಿ ಮೇಜುಗಳು, ಪ್ರತಿ ಮೇಜಿಗೂ ಹಲವು ತೆರೆಗಳು, ಮೂಲೆಯಲ್ಲಿ ಸದ್ದಡಗಿಸಿದ ಟಿವಿ. ಹಗಲು ರಾತ್ರಿ ಪಾಳಿಯ ಮೇಲೆ ಜನ ಕೂರುತ್ತಾರೆ. ಒಂದು ತೆರೆಯ ಮೇಲೆ ಅಂಚೆಚೀಟಿಯಷ್ಟು ಪುಟ್ಟ ನಕ್ಷೆಗಳು ಸಾಲುಸಾಲಾಗಿದ್ದವು. ಎಣಿಸಲು ಹೋದೆ, 51 ಎಂದು ಅವರೇ ಹೇಳಿದರು. ಯುರೋಪಿನ ಕಂಪ್ಯೂಟರ್ ಮಾಡೆಲ್ ಒಂದನ್ನು ಆರಂಭದ ಸ್ಥಿತಿ ಒಂದಿಷ್ಟೇ ಇಷ್ಟು ಬದಲಿಸಿ ಮತ್ತೆ ಮತ್ತೆ ಓಡಿಸಿದಾಗ ಬಂದ 51 ಭವಿಷ್ಯಗಳು. ಅಮೆರಿಕದ್ದೇ ಇನ್ನೊಂದು ಗುಂಪಿನಲ್ಲಿ 31. ಹಳೆಯ ಬಿರುಗಾಳಿಯೊಂದರ ನಕ್ಷೆಗಳನ್ನು ಅಭ್ಯಾಸಕ್ಕೆಂದು ತೆರೆದಿಟ್ಟಿದ್ದರು. ಕೆಲವದರಲ್ಲಿ ನಮ್ಮ ಜಿಲ್ಲೆಯ ಮೇಲೆ ಕಡು ನೇರಳೆ, ಅಂದರೆ ಒಂದು ಅಡಿಗೂ ಮಿಗಿಲು. ಇನ್ನು ಕೆಲವದರಲ್ಲಿ ಬಣ್ಣವೇ ಇಲ್ಲ.

ಸರಾಸರಿ ತೆಗೆದರೆ ಆಯಿತಲ್ಲ ಎಂದು ನನ್ನ ಬಾಯಿಗೆ ಬಂತು. ತಜ್ಞೆ ತಲೆಯಾಡಿಸಿದರು. ಬಿರುಗಾಳಿಯ ಕೇಂದ್ರ ಸಮುದ್ರದ ಮೇಲೆ ದೂರ ಉಳಿದರೆ ಚಳಿಗಾಳಿ ಇಲ್ಲೇ ನಿಂತು ಹನ್ನೆರಡು ಇಂಚು, ದಡಕ್ಕೆ ಒತ್ತಿಕೊಂಡು ಬಂದರೆ ಸಮುದ್ರದ ಬೆಚ್ಚನೆ ಗಾಳಿ ನುಗ್ಗಿ ಒಂದು ಇಂಚು. ಅರ್ಧ ನಕ್ಷೆಗಳು ಹಾಗೆ, ಅರ್ಧ ಹೀಗೆ ಎಂದಾಗ ಸರಾಸರಿ ಆರೂವರೆ ಬರುತ್ತದೆ. ಆದರೆ 51ರಲ್ಲಿ ಒಂದು ನಕ್ಷೆಯೂ ಆರೂವರೆ ಎಂದಿಲ್ಲ. ಯಾವುದು ಆಗುವ ಸಂಭವ ತೀರಾ ಕಡಿಮೆಯೋ ಅದನ್ನೇ ಟಿವಿಯಲ್ಲಿ ಓದಿದ ಹಾಗಾಗುತ್ತದೆ.

ಇಲ್ಲಿ ಸ್ವಲ್ಪ ಹೊತ್ತು ನಿಂತೆವು, ನನಗೆ ಅತ್ಯಂತ ರುಚಿಸಿದ ಭಾಗವೂ ಇದೇ. ಋತುವಿನ ಕೊನೆಯ ಹಿಮಕ್ಕೆ ಬೇರೆಯದೇ ತಕರಾರುಗಳಿವೆ. ಮೊದಲನೆಯದು ಸೂರ್ಯ. ಮಾರ್ಚ್ 21ರ ಸೂರ್ಯ ಸೆಪ್ಟೆಂಬರ್ 22ರ ಸೂರ್ಯನಷ್ಟೇ ಎತ್ತರದಲ್ಲಿರುತ್ತಾನೆ. ಮೋಡ ಕವಿದಿದ್ದರೂ ಅದರೊಳಗಿಂದ ಸೋಸಿ ಬರುವ ಬೆಳಕು ಡಾಂಬರು ರಸ್ತೆಯನ್ನು ಬೆಚ್ಚಗಿಡುತ್ತದೆ. ಅದೇ ಹಿಮ ರಾತ್ರಿ ಎರಡಕ್ಕೆ ಬಿದ್ದರೆ ರಸ್ತೆ ಬಿಳಿ, ಮಧ್ಯಾಹ್ನ ಎರಡಕ್ಕೆ ಬಿದ್ದರೆ ಹುಲ್ಲಿನ ಮೇಲೆ ಬಿಳಿ, ರಸ್ತೆಯಲ್ಲಿ ಬರೀ ನೀರು. ಬಿರುಗಾಳಿ ಐದಾರು ಗಂಟೆ ತಡವಾದರೆ ಇಂಚುಗಳ ಲೆಕ್ಕ ಬುಡಮೇಲಾಗುತ್ತದೆ. ಆದರೆ ಗಂಟೆಗೆ ಒಂದು ಇಂಚಿಗಿಂತ ಜೋರಾಗಿ ಸುರಿದರೆ ಸೂರ್ಯನ ಆಟವೂ ನಡೆಯುವುದಿಲ್ಲ, ಕರಗುವುದಕ್ಕಿಂತ ಬೇಗ ಕೂಡಿಬಿಡುತ್ತದೆ.

ಇನ್ನೊಂದು ಇದಕ್ಕಿಂತ ವಿಚಿತ್ರ. ಹಿಮ ಕರಗಲು ಶಾಖ ಬೇಕು, ಆ ಶಾಖವನ್ನು ಅದು ಸುತ್ತಲಿನ ಗಾಳಿಯಿಂದಲೇ ಎಳೆದುಕೊಳ್ಳುತ್ತದೆ. ಜೋರಾಗಿ ಸುರಿಯುವ ಕಡೆ ಇಷ್ಟೊಂದು ಹಿಮ ಕರಗಿ ಕರಗಿ ಗಾಳಿಯನ್ನೇ ತಣ್ಣಗೆ ಮಾಡುತ್ತದೆ, ಒಂದು ಹೊತ್ತಿಗೆ ಮಳೆ ನಿಂತು ಹಿಮವೇ ನೆಲ ಮುಟ್ಟುತ್ತದೆ. ಜಿನುಗುವ ಕಡೆ ಗಾಳಿ ಬೆಚ್ಚಗೇ ಉಳಿದು ಮಳೆಯಾಗಿಯೇ ಮುಗಿಯುತ್ತದೆ. ತನಗೆ ಬೇಕಾದ ಚಳಿಯನ್ನು ಬಿರುಗಾಳಿ ತಾನೇ ತಯಾರಿಸಿಕೊಳ್ಳುತ್ತದೆ ಎಂದಾಯಿತು. ಹೀಗೆ ಜೋರಾಗಿ ಸುರಿಯುವ ಪಟ್ಟಿಗಳು ಕೆಲವೊಮ್ಮೆ ಮೂವತ್ತು ನಲವತ್ತು ಕಿಲೋಮೀಟರ್ ಅಗಲವಷ್ಟೇ. ಪಟ್ಟಿ ಏಳುತ್ತದೆ ಎಂದು ಹಿಂದಿನ ದಿನ ಹೇಳಬಹುದು. ಯಾವ ಊರಿನ ಮೇಲೆ ಎಂದು ಹೇಳುವುದು ಬಹಳ ಕಷ್ಟ. ಪಕ್ಕದೂರಿನ ನೆಂಟರ ಮನೆಯಂಗಳದಲ್ಲಿ ಹತ್ತು ಇಂಚು, ನಮ್ಮಲ್ಲಿ ಎರಡು ಇಂಚು ಎಂದಾಗ ಮುನ್ಸೂಚನೆಯವರನ್ನು ಬೈಯುವವರಲ್ಲಿ ನಾನೂ ಒಬ್ಬ. ಇನ್ನು ಮೇಲೆ ಬೈಯುವುದಿಲ್ಲ ಎಂದು ಮಾತು ಕೊಡಲಾರೆ, ಸ್ವಲ್ಪ ಯೋಚಿಸಿ ಬೈಯುತ್ತೇನೆ.

ಪಕ್ಕದ ತೆರೆಯಲ್ಲಿ 2017ರ ಮಾರ್ಚ್ 14ರ ಬಿರುಗಾಳಿ. ನ್ಯೂಯಾರ್ಕ್ ನಗರಕ್ಕೆ ಒಂದೂವರೆ ಅಡಿಯಿಂದ ಎರಡು ಅಡಿ ಎಂಬ ಮಾತು ಮೊದಲು ಇತ್ತು, ಹಿಮಬಿರುಗಾಳಿಯ ಎಚ್ಚರಿಕೆಯೂ ಹೊರಟಿತ್ತು. ಬಿರುಗಾಳಿಯ ಕೇಂದ್ರ ಎಣಿಸಿದ್ದಕ್ಕಿಂತ ದಡಕ್ಕೆ ಹತ್ತಿರ ಸರಿಯಿತು, ಮೇಲೆ ಬೆಚ್ಚಗಿನ ಮೂಗು ನುಗ್ಗಿತು, ಹಿಮ ಸ್ಲೀಟಾಯಿತು. ಸೆಂಟ್ರಲ್ ಪಾರ್ಕಿನಲ್ಲಿ ಕೊನೆಗೆ ಬಿದ್ದದ್ದು 7.6 ಇಂಚು. ಒಳನಾಡಿನ ಬಿಂಗ್‌ಹ್ಯಾಮ್ಟನ್‌ನಲ್ಲಿ ಮಾತ್ರ 30 ಇಂಚು ದಾಟಿತು. ಒಟ್ಟಾರೆ ಬಿರುಗಾಳಿ ಹೇಳಿದಷ್ಟೇ ದೊಡ್ಡದು, ಬಹಳ ಜನ ಇರುವ ಕಡೆ ಮಾತ್ರ ಅಂಕಿ ಸೋತಿತು. ಇದರಲ್ಲಿ ಇನ್ನೂ ಒಂದು ಗಂಟಿದೆ. ಹಿಂದಿನ ದಿನ ಮಧ್ಯಾಹ್ನದ ನಂತರವೇ ನಗರದ ಮೊತ್ತ ಇಳಿಯಬಹುದೆಂಬ ಸುಳಿವು ಮುನ್ಸೂಚನೆಕಾರರಿಗೆ ಸಿಕ್ಕಿತ್ತು. ಕೊನೆ ಗಳಿಗೆಯಲ್ಲಿ ದಿಢೀರ್ ಬದಲಿಸಿದರೆ ಜನ ಗೊಂದಲಕ್ಕೆ ಬೀಳುತ್ತಾರೆ, ಎಚ್ಚರಿಕೆಯನ್ನೇ ಸಡಿಲ ಬಿಡುತ್ತಾರೆ ಎಂದು ಹಾಗೆಯೇ ಉಳಿಸಿಕೊಂಡರು. ಆಮೇಲೆ ಇದು ಪತ್ರಿಕೆಗಳಲ್ಲೂ ಬಂದು ಚರ್ಚೆಯಾಯಿತು. ಅದು ಸರಿಯಾಗಿತ್ತೇ? ಒಂದು ಕಡೆ, ಸ್ಲೀಟು ಬಿದ್ದ ರಸ್ತೆ ಹಿಮ ಬಿದ್ದ ರಸ್ತೆಗಿಂತ ಕಡಿಮೆ ಅಪಾಯದ್ದೇನಲ್ಲ. ಇನ್ನೊಂದು ಕಡೆ, ಗೊತ್ತಿದ್ದದ್ದನ್ನು ಹೇಳದಿದ್ದರೆ ಮುಂದಿನ ಸಲ ಯಾರು ನಂಬಬೇಕು? ನಾನು ಈ ಎರಡರ ನಡುವೆಯೇ ಇದ್ದೇನೆ. ಕೇಳಿದರೆ ಹೇಳಿಬಿಡುವುದೇ ವಾಸಿ ಎಂದು ಅರೆಮನಸ್ಸಿನಿಂದ ಅನ್ನುತ್ತೇನೆ.

ಹಿಮಬಿರುಗಾಳಿ ಎಂಬ ಎಚ್ಚರಿಕೆಗೂ ಇಂಚಿಗೂ ನಂಟೇ ಇಲ್ಲ ಎಂಬುದೂ ಇಲ್ಲೇ ತಿಳಿಯಿತು. ಗಾಳಿ ಗಂಟೆಗೆ 35 ಮೈಲಿ ಮುಟ್ಟಬೇಕು, ಕಾಲು ಮೈಲಿಯ ಆಚೆ ಏನೂ ಕಾಣಬಾರದು, ಇದು ಮೂರು ಗಂಟೆ ನಡೆಯಬೇಕು. ಮೊದಲೇ ಬಿದ್ದ ಹಿಮವನ್ನು ಗಾಳಿ ಎಬ್ಬಿಸಿದರೂ ಸಾಕು, ಹೊಸದು ಒಂದು ಚೂರು ಬೀಳಬೇಕಿಲ್ಲ.

ಈಗ ಜನರ ಮುಂದೆ ಒಂದರ ಬದಲು ಮೂರು ನಕ್ಷೆ ಇಡುತ್ತಾರೆ. ನಡುವಿನದು ಹೆಚ್ಚು ಸಂಭವವಿರುವ ಮೊತ್ತ. ಎಡದ್ದು, ಇಷ್ಟಾದರೂ ಬೀಳುತ್ತದೆ ಎಂದು ಹತ್ತರಲ್ಲಿ ಒಂಬತ್ತು ಪಾಲು ನಂಬಬಹುದಾದದ್ದು. ಬಲದ್ದು, ಇದನ್ನು ಮೀರುವುದು ಹತ್ತರಲ್ಲಿ ಒಂದು ಸಲ ಎನ್ನುವಂಥದ್ದು. ಅಭ್ಯಾಸದ ಬಿರುಗಾಳಿಗೆ ನಾವು ನಿಂತ ಊರಿನ ಮೇಲೆ ಎಡದಲ್ಲಿ 1, ನಡುವೆ 5, ಬಲದಲ್ಲಿ 11. ಯಜಮಾನರು ಮೂರನ್ನೂ ನೋಡಿದರು, ನನ್ನ ಕಡೆ ತಿರುಗಿದರು.

"ಇಷ್ಟೆಲ್ಲ ಇಟ್ಕೊಂಡು ಒಂದು ನಂಬರ್ ಹೇಳಕ್ಕಾಗಲ್ವಾ ಸಾರ್ ಇವ್ರಿಗೆ?"

"ಹೇಳಬಹುದು ಯಜಮಾನ್ರೇ. ಆದ್ರೆ ಅದು ಸುಳ್ಳಾಗುತ್ತೆ," ಎಂದೆ.

ಈ ಕಚೇರಿಯವರು ಎಲ್ಲಕ್ಕಿಂತ ಬಿಚ್ಚುಮನಸ್ಸಿನಿಂದ ಮಾತಾಡುವುದು ನಕ್ಷೆಯಲ್ಲೂ ಅಲ್ಲ, ಪ್ರತಿ ಪಾಳಿಯಲ್ಲೂ ಬರೆದು ಹೊರಬಿಡುವ ಒಂದು ಟಿಪ್ಪಣಿಯಲ್ಲಿ. ಯಾವ ಮಾಡೆಲ್ ಏನಂತು, ತಮಗೆ ಯಾವುದರ ಮೇಲೆ ನಂಬಿಕೆ ಕಡಿಮೆ, ಎಲ್ಲಿ ಕೈಕೊಡಬಹುದು ಎಂದು ನೇರವಾಗಿ ಬರೆದಿರುತ್ತಾರೆ. ಯಾರು ಬೇಕಾದರೂ ಓದಬಹುದು. 2016ರವರೆಗೆ ಅದನ್ನು ಪೂರ್ತಿ ದೊಡ್ಡಕ್ಷರದಲ್ಲೇ ಬರೆಯುತ್ತಿದ್ದರು, ಟೆಲಿಪ್ರಿಂಟರ್ ಕಾಲದ ಉಳಿಕೆ. ಓದುವವರಿಗೆ ಗದರಿಸಿದ ಹಾಗೆ ಕಾಣುತ್ತಿತ್ತಂತೆ. ವಾಟ್ಸಾಪಿನಲ್ಲಿ ನಕ್ಷೆ ಕಳಿಸುವ ನಮ್ಮವರು ಅದರ ಬದಲು ಇದರ ನಾಲ್ಕು ಸಾಲು ಕಳಿಸಿದರೆ ಎಷ್ಟೋ ಉಪಕಾರ. ಯಾರೂ ಕಳಿಸುವುದಿಲ್ಲ, ಬಣ್ಣವಿಲ್ಲವಲ್ಲ.

ಕೋಣೆಯ ಹಿಂಬದಿಯಲ್ಲಿ ಎರಡು ಫೋನು, ಒಂದು ದಪ್ಪ ನೋಟ್‌ಬುಕ್ಕು, ಜಿಲ್ಲೆಯ ನಕ್ಷೆ. ಬಿರುಗಾಳಿ ನಡೆಯುತ್ತಿರುವಾಗ ಊರೂರಿನ ಸ್ವಯಂಸೇವಕರು ಅಳೆದು ತಿಳಿಸುವ ಇಂಚುಗಳು ಬಂದು ಸೇರುವ ಜಾಗ. ಹೊರಗಿನ ಹಲಗೆಯ ಮುಂದೆ ಕೇಳಿದ ಮಾತಿಗೆ ಪುರಾವೆ ಇಲ್ಲಿ ಸಿಕ್ಕಿತು. 2016ರ ಜನವರಿಯ ದೊಡ್ಡ ಬಿರುಗಾಳಿಯಲ್ಲಿ ಸೆಂಟ್ರಲ್ ಪಾರ್ಕಿನ ಲೆಕ್ಕ 26.8 ಇಂಚು ಎಂದು ಪ್ರಕಟವಾಯಿತು. 2006ರ ದಾಖಲೆ 26.9. ಹತ್ತನೇ ಒಂದು ಇಂಚಿನಿಂದ ತಪ್ಪಿತಲ್ಲ ಎಂದು ಊರೆಲ್ಲ ಕೈಹಿಸುಕಿಕೊಂಡಿತು. ಮೂರು ತಿಂಗಳ ನಂತರ ತಜ್ಞರ ತಂಡ ಪರಿಶೀಲಿಸಿ, ಅಂಕಿ ದಾಟಿಸುವಾಗ ಎಡವಟ್ಟಾಗಿದೆ, ನಿಜವಾದದ್ದು 27.5 ಎಂದಿತು. ಹೊಸ ದಾಖಲೆ ಹಾಗೆ ಏಪ್ರಿಲಿನಲ್ಲಿ ಹುಟ್ಟಿತು. ಅದೇ ಪರಿಶೀಲನೆಯಲ್ಲಿ ನ್ಯೂವರ್ಕ್ ವಿಮಾನ ನಿಲ್ದಾಣದ 28.1 ಇಂಚನ್ನು ತಳ್ಳಿಹಾಕಿದರು, ಆರು ಗಂಟೆಗೆ ಬದಲು ಗಂಟೆಗೊಮ್ಮೆ ಅಳೆದಿದ್ದರು ಎಂದು. ವಾಷಿಂಗ್ಟನ್ನಿನ ವಿಮಾನ ನಿಲ್ದಾಣದಲ್ಲಿ ಅಳೆಯುವವರಿಗೆ ಹಿಮದಡಿ ಹಲಗೆಯೇ ಸಿಗಲಿಲ್ಲ, ಅಲ್ಲಲ್ಲಿ ಅಳೆದು ಸರಾಸರಿ ಹಿಡಿದರು. ಆ ಬಾವುಟದ ಕಡ್ಡಿಗೆ ನಾನು ಕೊಡದಿದ್ದ ಗೌರವವನ್ನು ಆಗ ಕೊಟ್ಟೆ. ಮುನ್ಸೂಚನೆ ಎರಡು ಇಂಚು ತಪ್ಪಿತು ಎಂದು ಲೆಕ್ಕ ಹಿಡಿಯುವಾಗ, ಯಾವ ಅಳತೆಗೆ ಹೋಲಿಸಿ ತಪ್ಪಿತು ಎನ್ನುವುದನ್ನೂ ಕೇಳಬೇಕಾಗುತ್ತದೆ.

ಕೊನೆಯದು ಸಣ್ಣದೊಂದು ಸಭೆಯ ಕೋಣೆ. ಶಾಲೆಗಳವರು, ರಸ್ತೆ ವಿಭಾಗದವರು, ವಿದ್ಯುತ್ ಕಂಪನಿಯವರು ಬಿರುಗಾಳಿಗೆ ಮುಂಚೆ ಫೋನಿನಲ್ಲಿ ಸೇರುತ್ತಾರೆ. ಇವರಿಗೆ ಬೇಕಾದದ್ದು ಇಂಚಲ್ಲ, ತಮ್ಮ ಕೆಲಸಕ್ಕೆ ಸಿಗುವ ವೇಳೆ. ಶಾಲೆಗೆ ರಜೆಯೋ ಅಲ್ಲವೋ ಎಂದು ಬೆಳಗ್ಗೆ ಐದರೊಳಗೆ ಹೇಳಬೇಕು, ಬಸ್ಸು ಹೊರಡುವ ಮೊದಲು. ರಸ್ತೆಯವರದು ಇನ್ನೊಂದು ಪೇಚು. ಮೊದಲೇ ಉಪ್ಪುನೀರು ಸಿಂಪಡಿಸಿದರೆ ಹಿಮ ರಸ್ತೆಗೆ ಕಚ್ಚುವುದಿಲ್ಲ. ಆದರೆ ಬಿರುಗಾಳಿ ಮಳೆಯಾಗಿ ಶುರುವಾದರೆ ಸಿಂಪಡಿಸಿದ್ದೆಲ್ಲ ಚರಂಡಿಗೆ. ಮಾರ್ಚಿನಲ್ಲಿ ಮಳೆಯಾಗಿ ಶುರುವಾಗಿ ಹಿಮವಾಗಿ ತಿರುಗುವುದೇ ಹೆಚ್ಚು. ಹಾಗಾಗಿ ಅವರು ಎಷ್ಟು ಬೀಳುತ್ತದೆ ಎನ್ನುವುದಕ್ಕಿಂತ ಯಾವಾಗ ತಿರುಗುತ್ತದೆ ಎಂದೇ ಪೀಡಿಸುತ್ತಾರಂತೆ.

ಇದನ್ನು ಕೇಳಿದ್ದೇ ಯಜಮಾನರು ಕುರ್ಚಿ ಮುಂದಕ್ಕೆ ಎಳೆದುಕೊಂಡರು. ಇಷ್ಟು ಹೊತ್ತು ನೋಡಿದ್ದೆಲ್ಲ ಬೇರೆಯವರ ಊರಿನ ಸಂಗತಿಯಾಗಿತ್ತು, ಈಗ ತಮ್ಮದಾಯಿತು. ಮಾರ್ಚ್, ಏಪ್ರಿಲಿನಲ್ಲಿ ಕಾಫಿಗೆ ಹೂಮಳೆ ಬೇಕು. ಇಂಚಿನ ಹತ್ತಿರ ಬಿದ್ದರೆ ತೋಟವೆಲ್ಲ ಒಟ್ಟಿಗೆ ಅರಳುತ್ತದೆ, ಮೂವತ್ತು ನಲವತ್ತು ಸೆಂಟು ಹನಿದು ನಿಂತರೆ ಮೊಗ್ಗು ಅರೆಬರೆಯಾಗಿ ಕೆಡುತ್ತದೆ. ರೋಬಸ್ಟಾ ಇದ್ದವರು ಕಾಯದೆ ಸ್ಪ್ರಿಂಕ್ಲರ್ ಹಚ್ಚಬಹುದು, ಕೆರೆಯಲ್ಲಿ ನೀರಿದ್ದರೆ.

"ಕೇಳಿ ಸಾರ್ ಇವ್ರನ್ನ. ನಾಳೆ ಮಳೆ ಅಂತ ಫೋನಲ್ಲಿ ತೋರ್ಸುತ್ತೆ. ನಾನು ಇವತ್ತು ಪಂಪ್ ಹಚ್ಚಬೇಕೋ ಬೇಡ್ವೋ? ಹಚ್ಚಿದ ಮೇಲೆ ಮಳೆ ಬಂದ್ರೆ ಡೀಸೆಲ್ ದಂಡ. ಹಚ್ಚದೆ ಮಳೆ ಬರ್ದಿದ್ರೆ ಹೂವೇ ಹೋಯ್ತು. ಎಡದ ನಕ್ಷೆ ನೋಡ್ಬೇಕಾ, ಬಲದ್ದಾ?"

ನಾನು ಇಂಗ್ಲಿಷಿಗೆ ದಾಟಿಸಿದೆ. ತಜ್ಞೆ ಕೂಡಲೇ ಉತ್ತರ ಹೇಳಲಿಲ್ಲ. ಒಂದು ಸಲ ಪಂಪು ಓಡಿಸಲು ಎಕರೆಗೆ ಖರ್ಚೆಷ್ಟು, ಹೂವು ಕೆಟ್ಟರೆ ಹೋಗುವ ಫಸಲಿನ ಬೆಲೆ ಎಷ್ಟು ಎಂದು ತಿರುಗಿ ಕೇಳಿದರು. ಖರ್ಚು ನಷ್ಟದ ಹತ್ತನೇ ಒಂದು ಪಾಲು ಎಂದಾದರೆ, ಮಳೆ ತಪ್ಪುವ ಸಂಭವ ಹತ್ತರಲ್ಲಿ ಒಂದಕ್ಕಿಂತ ಹೆಚ್ಚಿದ್ದಾಗಲೆಲ್ಲ ಪಂಪು ಹಚ್ಚುವುದೇ ಲಾಭ ಎಂದು ಬಿಳಿ ಹಲಗೆಯ ಮೇಲೆ ಬರೆದು ತೋರಿಸಿದರು. ಯಜಮಾನರು ಜೇಬಿನಿಂದ ಕನ್ನಡಕ ತೆಗೆದರು. ಡೀಸೆಲ್ ಇಷ್ಟು, ಆಳಿನ ಕೂಲಿ ಇಷ್ಟು, ಪೈಪು ಎಳೆಯುವುದಕ್ಕೆ ಇಷ್ಟು ಎಂದು ಹೇಳುತ್ತ ಹೋದರು, ನಾನು ರೂಪಾಯಿಯನ್ನು ಡಾಲರಿಗೆ, ಚೀಲವನ್ನು ಕಿಲೋಗೆ ಬದಲಿಸುತ್ತ ಹೋದೆ. ಕೆರೆಯ ನೀರಿಗೆ ಏನು ಬೆಲೆ ಹಿಡಿಯುವುದು ಎಂಬಲ್ಲಿ ಮೂವರೂ ಸಿಕ್ಕಿಹಾಕಿಕೊಂಡೆವು. ಅಷ್ಟರಲ್ಲಿ ಮುಂದಿನ ಗುಂಪು ಬಾಗಿಲಿಗೆ ಬಂದು ನಿಂತಿತ್ತು.